ನಾಲ್ಕು ಅಂಕದ ಹುಡುಗಿಯ ಲೆಕ್ಕ ಬರೆಯುವುದು ಹೇಗೆ?

ಶಿರಾ ಗೇಟ್, ತುಮಕೂರು (ಭಾನುವಾರ, ರಾತ್ರಿ 9.40)

ತುಮಕೂರಿನಲ್ಲಿ ಹೈಸ್ಕೂಲು ಹುಡುಗಿಯರಿಗೆ ಸಂಜೆ ಹೊತ್ತು ಬ್ಯಾಸ್ಕೆಟ್‌ಬಾಲ್ ಹೇಳಿಕೊಡುತ್ತೇನೆ. ನಮ್ಮದು ಸಿಮೆಂಟ್ ಅಂಕಣ. ಎರಡು ಬುಟ್ಟಿಗಳಲ್ಲಿ ಒಂದಕ್ಕೆ ಮಾತ್ರ ಬಲೆ ಇದೆ. ನಿನ್ನೆ ಮಧುಗಿರಿ ಕಡೆಯ ತಂಡದೊಂದಿಗೆ ಸ್ನೇಹಪಂದ್ಯವಿತ್ತು, 41–38ರಿಂದ ಗೆದ್ದೆವು. ಪಂದ್ಯ ಮುಗಿದ ಮೇಲೆ ನಮ್ಮ ತಂಡದ ಒಬ್ಬ ಹುಡುಗಿಯ ತಂದೆ ಸ್ಕೋರ್‌ಶೀಟನ್ನು ಎತ್ತಿಕೊಂಡು ನೋಡಿದರು. ಮಗಳ ನಂಬರಿಗೆ ಸೇರಿದ್ದು ನಾಲ್ಕೇ ಅಂಕ. "ಸರ್, ನಾಲ್ಕು ಅಂಕಕ್ಕೆ ಇವಳು ಅಷ್ಟು ಹೊತ್ತು ಓಡಬೇಕಿತ್ತೇ? ಬೇರೆ ಮಗುವಿಗಾದರೂ ಅವಕಾಶ ಸಿಗುತ್ತಿತ್ತು" ಎಂದರು. ಸಿಟ್ಟಿನ ಮಾತಲ್ಲ, ಸಂಕೋಚದ ಮಾತು. ಮಗಳು ಪಕ್ಕದಲ್ಲೇ ಕುಳಿತು ಶೂ ದಾರ ಬಿಚ್ಚುತ್ತಿದ್ದಳು. ತಲೆ ಎತ್ತಲಿಲ್ಲ. ನಿನ್ನೆಯಿಂದ ಅದೇ ಕಣ್ಣ ಮುಂದಿದೆ.

ಆ ಹುಡುಗಿ ಇಲ್ಲದಿದ್ದರೆ ನಾವು ಗೆಲ್ಲುತ್ತಿರಲಿಲ್ಲ. ಇದು ನನಗೆ ಗೊತ್ತು, ಅವಳೊಂದಿಗೆ ಆಡಿದ ನಾಲ್ವರಿಗೂ ಗೊತ್ತು. ತಂದೆಗೆ ತೋರಿಸುವುದು ಹೇಗೆ? ಮುಂದಿನ ಭಾನುವಾರ ಪೋಷಕರನ್ನೆಲ್ಲ ಅಂಕಣಕ್ಕೆ ಕರೆದಿದ್ದೇನೆ. ಯಾವುದಾದರೂ ದೊಡ್ಡ ಅಂತರರಾಷ್ಟ್ರೀಯ ಪಂದ್ಯದ ಆಟಗಾರರ ಅಂಕಿಅಂಶಗಳನ್ನು ಮುಂದಿಟ್ಟು ಮಾತನಾಡಬೇಕೆಂದಿದ್ದೇನೆ. 2024ರ ಪ್ಯಾರಿಸ್ ಒಲಿಂಪಿಕ್ಸಿನ ಮಹಿಳೆಯರ ಫೈನಲ್ ಮನಸ್ಸಿನಲ್ಲಿದೆ: ಅಮೆರಿಕ 67, ಫ್ರಾನ್ಸ್ 66. ಅಮೆರಿಕದ ಏಜಾ ವಿಲ್ಸನ್ ಹೆಸರಿನ ಮುಂದೆ 21 ಅಂಕ, 13 ರಿಬೌಂಡ್ (ಗುರಿ ತಪ್ಪಿದ ಚೆಂಡನ್ನು ಹಿಡಿದದ್ದು), 4 ಬ್ಲಾಕ್ (ಎದುರಾಳಿಯ ಎಸೆತವನ್ನು ಕೈಯಿಂದ ತಡೆದದ್ದು) ಇವೆ. ಒಂದು ಅಂಕದಿಂದ ಚಿನ್ನ ಗೆದ್ದ ಪಂದ್ಯದಲ್ಲಿ ಆ ನಾಲ್ಕು ಬ್ಲಾಕುಗಳ ಬೆಲೆ ಎಷ್ಟು ಎಂದು ಕೇಳಬಹುದಲ್ಲವೇ? ಮಂಡಿಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟಿರುವ, ಆಟ ಗೊತ್ತಿಲ್ಲದ ತಂದೆಯೊಬ್ಬರಿಗೆ ಅರ್ಥವಾಗುವಂಥ ಉದಾಹರಣೆಗಳಿದ್ದರೆ ತಿಳಿಸಿ.

ಗಣಿತ ಮೇಷ್ಟರು, ಪಾವಗಡ (ಭಾನುವಾರ, ರಾತ್ರಿ 10.15)

ಅಂಗಡಿ ಇಟ್ಟವರೇ ಆದರೆ ಕೆಲಸ ಸುಲಭ. ಜಮಾ-ಖರ್ಚು ಎನ್ನಿ, ಅವರು ನಿಮಗಿಂತ ಬೇಗ ಹಿಡಿಯುತ್ತಾರೆ. ಅಂತರರಾಷ್ಟ್ರೀಯ ಪಂದ್ಯಗಳ ಅಂಕಿಅಂಶ ಪಟ್ಟಿಯಲ್ಲಿ ದಕ್ಷತೆ ಎಂಬ ಒಂದು ಕಾಲಂ ಇರುತ್ತದೆ. ಅಂಕ, ರಿಬೌಂಡ್, ಅಸಿಸ್ಟ್ ಅಂದರೆ ಬುಟ್ಟಿಗೆ ದಾರಿ ಮಾಡಿದ ಪಾಸ್, ಸ್ಟೀಲ್ ಅಂದರೆ ಎದುರಾಳಿಯಿಂದ ಕಸಿದ ಚೆಂಡು, ಬ್ಲಾಕ್ ಇವೆಲ್ಲ ಜಮಾ. ಗುರಿ ತಪ್ಪಿದ ಎಸೆತ, ತಪ್ಪಿದ ಫ್ರೀ ಥ್ರೋ ಅಂದರೆ ಎದುರಾಳಿಯ ಫೌಲಿಗೆ ಸಿಗುವ ತಡೆಯಿಲ್ಲದ ಎಸೆತ, ಟರ್ನೋವರ್ ಅಂದರೆ ಕೈಯಲ್ಲಿದ್ದ ಚೆಂಡನ್ನು ಎದುರಾಳಿಗೆ ಕಳೆದುಕೊಂಡದ್ದು, ಇವೆಲ್ಲ ಖರ್ಚು. ಕಳೆದು ಉಳಿದದ್ದೇ ದಕ್ಷತೆ. ಕೂಡುವುದು, ಕಳೆಯುವುದು ಬಿಟ್ಟರೆ ಬೇರೆ ಗಣಿತ ಬೇಡ.

ನಿಮ್ಮ ಹುಡುಗಿಯ ರಿಬೌಂಡ್, ಅಸಿಸ್ಟ್ ಎಷ್ಟು? ಬರೆದರೆ ಇಲ್ಲೇ ಲೆಕ್ಕ ಮಾಡೋಣ.

ಶಿರಾ ಗೇಟ್, ತುಮಕೂರು (ಭಾನುವಾರ, ರಾತ್ರಿ 10.22)

ಅದೇ ತೊಂದರೆ, ಮೇಷ್ಟರೇ. ಬರೆದಿಟ್ಟಿಲ್ಲ. ಸ್ಕೋರ್‌ಶೀಟಿನಲ್ಲಿರುವುದು ಅಂಕ ಮತ್ತು ಫೌಲ್ ಮಾತ್ರ.

ಟೇಬಲ್ ಹಿಂದಿನ ಕುರ್ಚಿ, ಕೋಲಾರ (ಸೋಮವಾರ, ಬೆಳಿಗ್ಗೆ 6.50)

ಇಪ್ಪತ್ತು ವರ್ಷಗಳಿಂದ ನಮ್ಮ ಜಿಲ್ಲೆಯ ಪಂದ್ಯಗಳಲ್ಲಿ ಸ್ಕೋರ್‌ಶೀಟ್ ಬರೆಯುತ್ತಾ ಬಂದಿದ್ದೇನೆ. ಶಿರಾ ಗೇಟ್ ಅವರ ಮಾತು ನೆಟ್ಟಗೆ ಎದೆಗೇ ತಾಗಿತು, ಅದಕ್ಕೆ ಉದ್ದವಾಗಿ ಬರೆಯುತ್ತೇನೆ.

ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾದ ನಿಯಮದಂತೆ ಟೇಬಲ್‌ನಲ್ಲಿ ಬರೆಯುವ ಅಧಿಕೃತ ಹಾಳೆಯಲ್ಲಿ ಏನೇನಿರುತ್ತದೆ ನೋಡಿ. ಹನ್ನೆರಡು ಆಟಗಾರರ ಹೆಸರು ಮತ್ತು ನಂಬರು. ಒಬ್ಬೊಬ್ಬರಿಗೂ ಫೌಲಿಗೆ ಐದು ಮನೆ. ಟೈಮ್ ಔಟ್. ಬಲಗಡೆ ಒಂದರಿಂದ ಏರುತ್ತಾ ಹೋಗುವ ಅಂಕಗಳ ಸಾಲು. ಮೊದಲನೇ, ಮೂರನೇ ಕ್ವಾರ್ಟರಿಗೆ ಕೆಂಪು ಪೆನ್ನು. ಎರಡನೇ, ನಾಲ್ಕನೇ ಕ್ವಾರ್ಟರಿಗೆ ನೀಲಿ ಅಥವಾ ಕಪ್ಪು. ಬುಟ್ಟಿ ಬಿದ್ದರೆ ಅಂಕದ ಮೇಲೆ ಓರೆಗೆರೆ, ಫ್ರೀ ಥ್ರೋ ಬಿದ್ದರೆ ತುಂಬಿದ ಚುಕ್ಕೆ, ಮೂರು ಅಂಕದ ಬುಟ್ಟಿಯಾದರೆ ಆಟಗಾರನ ನಂಬರಿಗೆ ಸುತ್ತ ವೃತ್ತ. ಯಾರಾದರೂ ಅಚಾತುರ್ಯದಿಂದ ತಮ್ಮದೇ ಬುಟ್ಟಿಗೆ ಚೆಂಡು ಹಾಕಿಬಿಟ್ಟರೆ, ಆ ಅಂಕ ಅಂಕಣದಲ್ಲಿರುವ ಎದುರಾಳಿ ನಾಯಕನ ಹೆಸರಿಗೆ ಹೋಗುತ್ತದೆ. ಏನೂ ಮಾಡದ ನಾಯಕನಿಗೂ ಎರಡು ಅಂಕ ಬರೆಯಲು ಈ ಹಾಳೆಯಲ್ಲಿ ಜಾಗವಿದೆ. ರಿಬೌಂಡ್ ಹಿಡಿದವಳಿಗೆ ಮನೆಯೇ ಇಲ್ಲ. ಅಸಿಸ್ಟ್ ಕೊಟ್ಟವಳಿಗೂ ಇಲ್ಲ.

ಒಲಿಂಪಿಕ್ಸಿನಂಥ ಕಡೆ ರಿಬೌಂಡ್, ಅಸಿಸ್ಟ್‌ಗಳನ್ನು ದಾಖಲಿಸಲು ಬೇರೆಯೇ ಜನ ಕಂಪ್ಯೂಟರ್ ಮುಂದೆ ಕುಳಿತಿರುತ್ತಾರೆ. ನಮ್ಮ ಊರುಗಳಲ್ಲಿ ಉಳಿಯುವುದು ಈ ಒಂದೇ ಹಾಳೆ. ಆಯ್ಕೆಗೆ ಬಂದವರು ನೋಡುವುದೂ ಇದನ್ನೇ, ಮರುದಿನ ಪತ್ರಿಕೆಗೆ ಹೋಗುವುದೂ ಇದರಿಂದಲೇ: "ಇಂಥವರು 17 ಅಂಕ ಗಳಿಸಿ ಮಿಂಚಿದರು". ಆ ತಂದೆ ತಪ್ಪೇನೂ ಕೇಳಿಲ್ಲ. ನಾವು ಬರೆದುಕೊಟ್ಟದ್ದನ್ನು ಓದಿದರು, ಅಷ್ಟೆ.

ಮೂರರ ಗೆರೆ (ಸೋಮವಾರ, ಬೆಳಿಗ್ಗೆ 9.05)

ಹಿರಿಯರು ಕ್ಷಮಿಸಬೇಕು, ನನಗೆ ಒಪ್ಪಿಗೆಯಿಲ್ಲ. ಗೆಲುವನ್ನು ನಿರ್ಧರಿಸುವುದು ಅಂಕ. ಅದೇ ಪ್ಯಾರಿಸ್, ಪುರುಷರ ಫೈನಲ್, ಆಗಸ್ಟ್ 10. ಅಮೆರಿಕ 98, ಫ್ರಾನ್ಸ್ 87. ಕೊನೆಯ ಮೂರು ನಿಮಿಷದೊಳಗೆ ಅಮೆರಿಕದ ಸ್ಟೀಫನ್ ಕರಿ ದೂರದ ಗೆರೆಯ ಆಚೆಯಿಂದ ಮೂರು ಅಂಕದ ನಾಲ್ಕು ಬುಟ್ಟಿ ಹಾಕದೇ ಇದ್ದಿದ್ದರೆ ಆ ಪಂದ್ಯ ಯಾವ ಕಡೆ ವಾಲುತ್ತಿತ್ತೋ. ಅವರ 24 ಅಂಕಗಳೂ ಬಂದದ್ದು ಮೂರರ ಗೆರೆಯ ಆಚೆಯಿಂದಲೇ: ಹನ್ನೆರಡು ಎಸೆತ, ಎಂಟು ಬುಟ್ಟಿ. ಬುಟ್ಟಿಗೆ ಎರಡೇ ಅಂಕ ಸಿಗುವ ಗೆರೆಯೊಳಗಿನಿಂದ ಎಸೆದು 24 ಅಂಕ ಮಾಡಬೇಕಾದರೆ ಹನ್ನೆರಡಕ್ಕೆ ಹನ್ನೆರಡೂ ಬೀಳಬೇಕಿತ್ತು. ಅದಕ್ಕೆ ಎರಡು ದಿನ ಮೊದಲು ಸರ್ಬಿಯಾ ವಿರುದ್ಧದ ಸೆಮಿಫೈನಲ್ ನೋಡಿ. ಮೂರು ಕ್ವಾರ್ಟರ್ ಮುಗಿದಾಗ ಸರ್ಬಿಯಾ 76, ಅಮೆರಿಕ 63. ಕೊನೆಗೆ ಅಮೆರಿಕ 95–91. ಕರಿ 36 ಅಂಕ. ಹುಡುಗಿಯರಿಗೆ ಎಸೆಯುವ ಧೈರ್ಯವನ್ನು ಮೊದಲು ಕಲಿಸಿ. ನಮ್ಮ ಜಿಲ್ಲೆಗಳ ಮಕ್ಕಳು ಪಾಸ್ ಮಾಡಿ ಮಾಡಿ, ಎಸೆಯಲು ಸಿಗುವ 24 ಸೆಕೆಂಡ್ ಮುಗಿಸುತ್ತಾರೆ, ಎಸೆಯುವುದಕ್ಕೆ ಹೆದರುತ್ತಾರೆ.

ಗಣಿತ ಮೇಷ್ಟರು, ಪಾವಗಡ (ಸೋಮವಾರ, ಮಧ್ಯಾಹ್ನ 1.30)

ಧೈರ್ಯದ ಮಾತು ಸರಿ. ಆದರೆ ಅದೇ ಸೆಮಿಫೈನಲ್ಲಿನ ಇನ್ನೊಂದು ಸಾಲನ್ನೂ ಓದಿ: ಲೆಬ್ರಾನ್ ಜೇಮ್ಸ್ 16 ಅಂಕ, 12 ರಿಬೌಂಡ್, 10 ಅಸಿಸ್ಟ್. ಫೈನಲ್‌ನಲ್ಲಿ ಅವರದು 14 ಅಂಕ, 10 ಅಸಿಸ್ಟ್. ಆ ಕೂಟದ ಅತ್ಯುತ್ತಮ ಆಟಗಾರ ಎಂಬ ಗೌರವ ಸಿಕ್ಕಿದ್ದು ಕರಿಗಲ್ಲ, ಲೆಬ್ರಾನ್‌ಗೆ. ಅಂಕವೊಂದೇ ಸಾಕು ಎನ್ನುವವರಿಗೆ ಇನ್ನೊಂದು: ಒಲಿಂಪಿಕ್ಸಿನ ಒಂದೇ ಪಂದ್ಯದಲ್ಲಿ ಪುರುಷರಲ್ಲಿ ಅತಿ ಹೆಚ್ಚು ಅಂಕ ಬ್ರೆಜಿಲ್‌ನ ಆಸ್ಕರ್ ಶ್ಮಿಟ್ ಅವರದು, 1988ರ ಸೋಲ್‌ನಲ್ಲಿ ಸ್ಪೇನ್ ವಿರುದ್ಧ 55. ಆ ಪಂದ್ಯ ಗೆದ್ದದ್ದು ಸ್ಪೇನ್.

ಆರನೇ ನಂಬರ್ (ಸೋಮವಾರ, ರಾತ್ರಿ 8.10)

ನಾನು ತಿಪಟೂರಿನವಳು. ಕಾಲೇಜು ದಿನಗಳಲ್ಲಿ ಐದು ವರ್ಷ ಆಡಿದ್ದೇನೆ. ನನ್ನ ಹೆಸರು ಒಮ್ಮೆಯೂ ಪತ್ರಿಕೆಯಲ್ಲಿ ಬಂದಿಲ್ಲ. ಆ ಹುಡುಗಿ ತಲೆ ಎತ್ತಲಿಲ್ಲ ಎಂದು ಓದಿದಾಗ ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಶಿರಾ ಗೇಟ್ ಸರ್, ಆ ಮಗುವಿಗೆ ರುಯಿ ಮಚಿದಾ ಅವರನ್ನು ತೋರಿಸಿ. ಜಪಾನಿನ ಗಾರ್ಡ್, ಅಂದರೆ ಚೆಂಡು ನಡೆಸಿ ಆಟ ಕಟ್ಟುವವರು. ಎತ್ತರ 162 ಸೆಂಟಿಮೀಟರ್. ನಮ್ಮ ಊರಿನ ಯಾವ ಹೆಣ್ಣುಮಗಳ ಪಕ್ಕದಲ್ಲಿ ನಿಂತರೂ ಬೇರೆಯಾಗಿ ಕಾಣುವವರಲ್ಲ. ಟೋಕಿಯೊ ಒಲಿಂಪಿಕ್ಸ್ ಸೆಮಿಫೈನಲ್, 2021ರ ಆಗಸ್ಟ್ 6, ಜಪಾನ್ 87, ಫ್ರಾನ್ಸ್ 71. ಆ ಪಂದ್ಯದಲ್ಲಿ ಮಚಿದಾ 18 ಅಸಿಸ್ಟ್ ಕೊಟ್ಟರು. ಒಲಿಂಪಿಕ್ಸ್ ದಾಖಲೆ. ಒಂದು ಅಸಿಸ್ಟ್ ಎಂದರೆ ಕನಿಷ್ಠ ಎರಡು ಅಂಕ. ಹಾಗಾಗಿ ಜಪಾನಿನ 87ರಲ್ಲಿ ಕನಿಷ್ಠ 36 ಅಂಕ ಅವರ ಬೆರಳ ತುದಿಯಿಂದ ಹೊರಟದ್ದು.

ಟೇಬಲ್ ಹಿಂದಿನ ಕುರ್ಚಿ, ಕೋಲಾರ (ಸೋಮವಾರ, ರಾತ್ರಿ 8.45)

ಮೇಡಂ, ಮಚಿದಾ ಉದಾಹರಣೆ ಬಹಳ ಚೆನ್ನಾಗಿದೆ, ಆದರೆ 36ರ ಲೆಕ್ಕವನ್ನು ಪೋಷಕರ ಮುಂದೆ ಹೇಳಬೇಡಿ. ಫಿಬಾ ಪದ್ಧತಿಯಲ್ಲಿ, ಪಾಸ್ ಪಡೆದವಳು ಎಸೆಯುವಾಗ ಫೌಲ್ ಆಗಿ, ಫ್ರೀ ಥ್ರೋಗಳಲ್ಲಿ ಒಂದೇ ಒಂದು ಬಿದ್ದರೂ ಪಾಸ್ ಕೊಟ್ಟವಳಿಗೆ ಅಸಿಸ್ಟ್ ಸಿಗುತ್ತದೆ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಹಾಗಿಲ್ಲ. ಹೀಗಾಗಿ ಒಂದು ಅಸಿಸ್ಟ್‌ನ ಹಿಂದೆ ಒಂದೇ ಅಂಕ ಇರುವುದೂ ಸಾಧ್ಯ. 18 ಎಂಬ ಸಂಖ್ಯೆಯೇ ಸಾಕಷ್ಟು ದೊಡ್ಡದು. ಅದಕ್ಕೆ ಇನ್ನೇನನ್ನೂ ಸೇರಿಸುವುದು ಬೇಡ.

ಆರನೇ ನಂಬರ್ (ಸೋಮವಾರ, ರಾತ್ರಿ 9.00)

ಇದು ನನಗೆ ತಿಳಿದಿರಲಿಲ್ಲ. ತಿದ್ದಿದ್ದಕ್ಕೆ ಧನ್ಯವಾದ, ಸರ್.

ಆದರೆ ದಕ್ಷತೆಯ ಲೆಕ್ಕದ ಬಗ್ಗೆ ನನ್ನದೊಂದು ತಕರಾರಿದೆ, ಮೇಷ್ಟರೇ. ನಾನು ಆಡುತ್ತಿದ್ದಾಗ ನನ್ನ ಕೆಲಸ ಸ್ಕ್ರೀನ್ ನಿಲ್ಲುವುದು. ನಮ್ಮ ಎಸೆತಗಾರ್ತಿಯ ಹಿಂದೆ ಓಡಿಬರುವ ಎದುರಾಳಿಯ ದಾರಿಯಲ್ಲಿ ಕಂಬದಂತೆ ನಿಲ್ಲಬೇಕು, ಎದೆಗೆ ಭುಜ ಬಡಿಸಿಕೊಳ್ಳಬೇಕು. ಆ ಅರೆಕ್ಷಣದಲ್ಲಿ ನಮ್ಮವಳಿಗೆ ಎಸೆಯಲು ಜಾಗ ಸಿಗುತ್ತದೆ. ಅವಳಿಗೆ ಎರಡು ಅಂಕ, ಪಾಸ್ ಕೊಟ್ಟವಳಿಗೆ ಅಸಿಸ್ಟ್, ನನಗೆ ಮೂಗೇಟು. ಎದುರಾಳಿಯ ಎತ್ತರದ ಹುಡುಗಿಯನ್ನು ಬೆನ್ನಿನಿಂದ ತಡೆದು ಬುಟ್ಟಿಯಿಂದ ದೂರ ಇಟ್ಟವಳು ನಾನು, ಹಾರಿ ರಿಬೌಂಡ್ ಹಿಡಿದವಳು ನನ್ನ ಗೆಳತಿ. ನಿಮ್ಮ ಜಮಾ-ಖರ್ಚಿನಲ್ಲಿ ನನ್ನ ಐದು ವರ್ಷಗಳು ಸೊನ್ನೆ. ಇನ್ನೊಂದು ಕಾಲಂ ಸೇರಿಸಿದರೆ ಇನ್ನೊಬ್ಬಳು ಕಾಣಿಸುತ್ತಾಳೆ, ನಿಜ. ಕಾಣಿಸದೆ ಉಳಿಯುವವಳು ಆಗಲೂ ಒಬ್ಬಳು ಇರುತ್ತಾಳೆ.

ಗಣಿತ ಮೇಷ್ಟರು, ಪಾವಗಡ (ಮಂಗಳವಾರ, ಬೆಳಿಗ್ಗೆ 7.20)

ಒಪ್ಪುತ್ತೇನೆ. ನಿಮ್ಮಂಥವರನ್ನು ಸ್ವಲ್ಪವಾದರೂ ಹಿಡಿಯುವ ಕಾಲಂ ಒಂದಿದೆ, ಅದೇ ಪ್ಲಸ್-ಮೈನಸ್. ಆಟಗಾರ್ತಿ ಅಂಕಣದಲ್ಲಿದ್ದಷ್ಟು ಹೊತ್ತು ತನ್ನ ತಂಡ ಗಳಿಸಿದ ಅಂಕದಿಂದ ಎದುರಾಳಿ ಗಳಿಸಿದ್ದನ್ನು ಕಳೆಯುವುದು. ಅವಳು ಏನು ಮಾಡಿದಳು ಎಂದು ಕೇಳುವುದೇ ಇಲ್ಲ, ಅವಳಿದ್ದಾಗ ಏನಾಯಿತು ಎಂದಷ್ಟೇ ಕೇಳುತ್ತದೆ. ನೀವು ಕಂಬದಂತೆ ನಿಂತದ್ದರ ಫಲ ಅಲ್ಲಿ ಸೇರುತ್ತದೆ.

ಅದರ ಮಿತಿಯನ್ನೂ ಹೇಳಬೇಕು. ಅಂಕಣದಲ್ಲಿದ್ದ ಐವರಿಗೂ ಅದೇ ಸಂಖ್ಯೆ ಬರುತ್ತದೆ, ಯಾರಿಂದ ಬಂತೆಂದು ತಿಳಿಯದು. ಒಂದು ಪಂದ್ಯದ ಪ್ಲಸ್-ಮೈನಸ್ ನಂಬಿ ಯಾರನ್ನೂ ಹೊಗಳಬಾರದು, ತೆಗಳಲೂಬಾರದು. ಲೆಕ್ಕ ಸರಿಯಿದೆಯೇ ಎಂದು ನೋಡಲು ಒಂದು ಉಪಾಯವಿದೆ. ಗೆದ್ದ ತಂಡದ ಎಲ್ಲರ ಪ್ಲಸ್-ಮೈನಸ್ ಕೂಡಿಸಿದರೆ ಗೆಲುವಿನ ಅಂತರದ ಐದು ಪಟ್ಟು ಬರಬೇಕು. 98–87 ಎಂದರೆ ಅಂತರ 11, ಮೊತ್ತ 55. ನಿಮ್ಮ 41–38ಕ್ಕೆ 15. ಹಾಗೆಯೇ 40 ನಿಮಿಷದ ಪಂದ್ಯದಲ್ಲಿ ಒಂದು ತಂಡದ ಎಲ್ಲರೂ ಆಡಿದ ನಿಮಿಷಗಳನ್ನು ಕೂಡಿಸಿದರೆ 200 ಆಗಬೇಕು. ಆಗದಿದ್ದರೆ ಎಲ್ಲೋ ತಪ್ಪು ಬರೆದಿದ್ದೀರಿ.

ನಂದಿ ತಪ್ಪಲು, ಚಿಕ್ಕಬಳ್ಳಾಪುರ (ಮಂಗಳವಾರ, ಸಂಜೆ 6.00)

ಮಧ್ಯೆ ಬಂದೆ. 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳಾ ಏಷ್ಯಾ ಕಪ್ ನಡೆದಾಗ ನಮ್ಮ ಭಾರತ ತಂಡ ಬಿ ಡಿವಿಷನ್ ಫೈನಲ್‌ನಲ್ಲಿ ಕಜಾಕಿಸ್ತಾನವನ್ನು 75–73ರಿಂದ ಸೋಲಿಸಿ ಎ ಡಿವಿಷನ್‌ಗೆ ಏರಿತು. ಚಿಕ್ಕಬಳ್ಳಾಪುರದಿಂದ ಬಸ್ ಹಿಡಿದರೆ ಒಂದೂವರೆ ಗಂಟೆಯ ದಾರಿ, ನಮ್ಮ ಕಡೆಯವರು ಎಷ್ಟು ಜನ ಹೋಗಿದ್ದೆವು? ಎರಡು ಅಂಕದ ಅಂತರ ಎಂದರೆ ಒಂದು ಬುಟ್ಟಿ. ಅಂಥ ಪಂದ್ಯದಲ್ಲಿ ತಪ್ಪಿದ ಚೆಂಡನ್ನು ಒಮ್ಮೆ ಹೆಚ್ಚಿಗೆ ಹಿಡಿದವಳು, ಒಂದು ಪಾಸ್ ಕಸಿದವಳು, ಯಾರು ಬೇಕಾದರೂ ಗೆಲ್ಲಿಸಿದವಳೇ. ಪ್ಯಾರಿಸ್ ಜೊತೆಗೆ ಇದನ್ನೂ ಹೇಳಿ ಸರ್. ತುಮಕೂರಿನ ಪೋಷಕರಿಗೆ ಪ್ಯಾರಿಸ್ ದೂರ, ಕಂಠೀರವ ಎಪ್ಪತ್ತು ಕಿಲೋಮೀಟರ್.

ಶಿರಾ ಗೇಟ್, ತುಮಕೂರು (ಬುಧವಾರ, ರಾತ್ರಿ 11.30)

ಎಲ್ಲರಿಗೂ ನಮಸ್ಕಾರ. ಒಬ್ಬ ಆಟಗಾರ್ತಿಯ ಅಣ್ಣ ಪಂದ್ಯವನ್ನು ಮೊಬೈಲಿನಲ್ಲಿ ಪೂರ್ತಿ ಚಿತ್ರೀಕರಿಸಿದ್ದ. ಎರಡು ರಾತ್ರಿ ಕುಳಿತು, ನಿಲ್ಲಿಸಿ ನಿಲ್ಲಿಸಿ ನೋಡಿ ಬರೆದೆ. ಆ ಹುಡುಗಿಯದು: 4 ಅಂಕ, 11 ರಿಬೌಂಡ್, 7 ಅಸಿಸ್ಟ್, 3 ಸ್ಟೀಲ್. ತಪ್ಪಿದ ಎಸೆತ 3, ಟರ್ನೋವರ್ 2. ಜಮಾ 25, ಖರ್ಚು 5, ಉಳಿದದ್ದು 20.

ಮೂರನೇ ಕ್ವಾರ್ಟರಿನಲ್ಲಿ ಅವಳ ಕಾಲು ಹಿಡಿದುಕೊಂಡಿತ್ತು. ನಾಲ್ಕು ನಿಮಿಷ ಹೊರಗೆ ಕೂರಿಸಿದ್ದೆ. ಆ ನಾಲ್ಕು ನಿಮಿಷದಲ್ಲಿ ಅವರು 11, ನಾವು 2. ಪಂದ್ಯ ಗೆದ್ದದ್ದು ಮೂರು ಅಂಕದಿಂದ. ಅಂದರೆ ಅವಳಿದ್ದ 36 ನಿಮಿಷದಲ್ಲಿ ನಾವು 12 ಅಂಕ ಮುಂದೆ. ಮೇಷ್ಟರು ಒಂದು ಪಂದ್ಯವನ್ನು ನಂಬಬೇಡಿ ಎಂದಿದ್ದಾರೆ, ನೆನಪಿದೆ.

ಈಗ ಬೇರೊಂದು ಚಿಂತೆ. 17 ಅಂಕ ಗಳಿಸಿದ ಹುಡುಗಿಯ ಲೆಕ್ಕವನ್ನೂ ಮಾಡಿದೆ. ಜಮಾ 22, ಖರ್ಚು 20. ಉಳಿದದ್ದು ಎರಡು. ಇದನ್ನು ಗೋಡೆಗೆ ಅಂಟಿಸಿದರೆ ಒಂದು ಮಗುವಿನ ತಲೆ ಎತ್ತಿಸಲು ಹೋಗಿ ಇನ್ನೊಂದರ ತಲೆ ತಗ್ಗಿಸಿದಂತಾಗುತ್ತದೆ.

ಮೂರರ ಗೆರೆ (ಗುರುವಾರ, ಬೆಳಿಗ್ಗೆ 8.15)

ದಯವಿಟ್ಟು ಅಂಟಿಸಬೇಡಿ. ನಾನು ಹೇಳಿದ ಮಾತೂ ಇದೇ. ತಪ್ಪಿದ ಎಸೆತಗಳಿಗೆಲ್ಲ ಶಿಕ್ಷೆ ಕೊಟ್ಟರೆ ನಾಳೆಯಿಂದ ಆ ಹುಡುಗಿ ಎಸೆಯುವುದೇ ಇಲ್ಲ. ಗಡಿಯಾರ ಮುಗಿಯುತ್ತಾ ಬಂದಾಗ ಬೇರೆಯವರು ಕೈಬಿಟ್ಟ ಚೆಂಡನ್ನು ಅವಳೇ ಎಸೆದಿರಬಹುದು. ಆ ತಪ್ಪು ಯಾರದು? ಫ್ರಾನ್ಸಿನ ಗ್ಯಾಬಿ ವಿಲಿಯಮ್ಸ್ ಅವರನ್ನು ನೆನೆಯಿರಿ. ಶಿರಾ ಗೇಟ್ ಹೇಳಿದ ಅದೇ 67–66. ಕೊನೆಯ ಕ್ಷಣದಲ್ಲಿ ಫ್ರಾನ್ಸ್ ಮೂರು ಅಂಕ ಹಿಂದಿತ್ತು. ಅವರು ಓಡುತ್ತಾ ಬಂದು ಎಸೆದ ಚೆಂಡು ಹಲಗೆಗೆ ಬಡಿದು ಬುಟ್ಟಿಗೆ ಬಿತ್ತು. ಶೂ ಮೂರರ ಗೆರೆಯ ಮೇಲಿತ್ತು, ಸಿಕ್ಕಿದ್ದು ಎರಡೇ. ಬೆರಳಗಲ ಹಿಂದೆ ಇದ್ದಿದ್ದರೆ 67–67, ಇನ್ನೈದು ನಿಮಿಷದ ಆಟ. ಆ ಪಂದ್ಯದಲ್ಲಿ ಅವರು 19 ಅಂಕ ಗಳಿಸಿದ್ದರು. ಆ ಕೊನೆಯ ಚೆಂಡನ್ನು ಎಸೆಯುವ ಎದೆಗಾರಿಕೆ ಇದ್ದವರನ್ನು ಯಾವ ಖರ್ಚಿನ ಕಾಲಂಗೆ ಸೇರಿಸುತ್ತೀರಿ?

ಆರನೇ ನಂಬರ್ (ಗುರುವಾರ, ಬೆಳಿಗ್ಗೆ 10.40)

ಈ ವಿಷಯದಲ್ಲಿ ನಾನು ಮೂರರ ಗೆರೆ ಅವರ ಪಕ್ಷ. ಇನ್ನೊಂದು ಅನುಭವ ಹೇಳುತ್ತೇನೆ. ನಮ್ಮ ಕಾಲೇಜಿನಲ್ಲಿ ಒಂದು ವರ್ಷ ರಿಬೌಂಡ್ ಎಣಿಸಿ ಬಹುಮಾನ ಕೊಡುತ್ತೇವೆ ಎಂದರು. ತಿಂಗಳೊಳಗೆ ನಮ್ಮವರೇ ಇಬ್ಬರು ಒಂದೇ ಚೆಂಡಿಗೆ ಹಾರಿ ಕೈಗೆ ಕೈ ಬಡಿದುಕೊಳ್ಳುವುದು ಶುರುವಾಯಿತು. ಬೆನ್ನುಕೊಟ್ಟು ತಡೆಯುವವರು ಯಾರೂ ಉಳಿಯಲಿಲ್ಲ. ಸಂಖ್ಯೆಯನ್ನು ಬಹುಮಾನಕ್ಕೆ ಕಟ್ಟಬೇಡಿ. ಪ್ರತಿಯೊಬ್ಬಳಿಗೂ ಅವಳ ಸಾಲನ್ನು ಮಾತ್ರ, ಕೈಗೆ ಕೊಡಿ.

ಟೇಬಲ್ ಹಿಂದಿನ ಕುರ್ಚಿ, ಕೋಲಾರ (ಗುರುವಾರ, ಮಧ್ಯಾಹ್ನ 3.00)

ಮೇಡಂ ಹೇಳಿದ್ದೇ ಸರಿಯಾದ ಕ್ರಮ. ಹುಡುಗಿಗೆ ಅವಳ ಸಾಲು, ಪೋಷಕರಿಗೆ ಒಲಿಂಪಿಕ್ಸ್ ಪಟ್ಟಿ.

ಶಿರಾ ಗೇಟ್, ತುಮಕೂರು (ಭಾನುವಾರ, ರಾತ್ರಿ 8.30)

ಇಂದು ಬೆಳಿಗ್ಗೆ ಹದಿನಾಲ್ಕು ಪೋಷಕರು ಬಂದಿದ್ದರು. ಕ್ಯಾತಸಂದ್ರದಿಂದ ತಟ್ಟೆ ಇಡ್ಲಿ ತರಿಸಿದ್ದೆ, ಅದು ಖಾಲಿಯಾಗುವವರೆಗೂ ಯಾರೂ ಹಾಳೆ ನೋಡಲಿಲ್ಲ. ಆಮೇಲೆ ಮಚಿದಾ ಅವರ 18 ಅಸಿಸ್ಟ್, ವಿಲ್ಸನ್ ಅವರ 13 ರಿಬೌಂಡ್, ಕಂಠೀರವದ 75–73, ಕರಿ ಅವರ ಎಂಟು ಬುಟ್ಟಿ, ಎಲ್ಲವನ್ನೂ ಹೇಳಿದೆ. ವಿಲಿಯಮ್ಸ್ ಅವರ ಶೂ ಗೆರೆಯ ಮೇಲಿದ್ದದ್ದನ್ನು ನಮ್ಮ ಅಂಕಣದ ಗೆರೆಯ ಮೇಲೆ ನಾನೇ ನಿಂತು ತೋರಿಸಿದೆ. ಒಬ್ಬ ತಾಯಿ "ಅಯ್ಯೋ ಪಾಪ" ಎಂದರು.

ಹುಡುಗಿಯರಿಗೆ ಅವರವರ ಸಾಲನ್ನು ಚೀಟಿಯಲ್ಲಿ ಬರೆದು ಮಡಿಸಿ ಕೊಟ್ಟೆ. 17 ಅಂಕದ ಹುಡುಗಿಯ ಚೀಟಿಯಲ್ಲಿ, ಗಡಿಯಾರ ಮುಗಿಯುವಾಗ ಅನಿವಾರ್ಯವಾಗಿ ಎಸೆದ ಆರು ಎಸೆತಗಳನ್ನು ಬೇರೆಯಾಗಿ ಬರೆದೆ. ವೀಡಿಯೊ ಮತ್ತೆ ನೋಡಿದಾಗ ಮೂರರ ಗೆರೆ ಅವರ ಊಹೆ ನಿಜವಾಗಿತ್ತು. ಸ್ಕ್ರೀನ್‌ಗಳನ್ನೂ ಎಣಿಸಿದೆ. ನಮ್ಮ ತಂಡದಲ್ಲೂ ಒಬ್ಬಳು ಆರನೇ ನಂಬರ್ ಇದ್ದಾಳೆ, ಅವಳ ನಂಬರು ಒಂಬತ್ತು. ಅವಳು ನಿಂತ ಸ್ಕ್ರೀನ್‌ಗಳಿಂದ ಐದು ಬುಟ್ಟಿ ಬಿದ್ದಿವೆ.

ಮಂಡಿಪೇಟೆಯ ತಂದೆ ಮಗಳ ಚೀಟಿಯನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ನಾನು ಹೊಗಳಿಕೆಯ ಮಾತಿಗಾಗಿ ಕಾಯುತ್ತಿದ್ದೆ. ಅವರು ಮಗಳ ಕಡೆ ತಿರುಗಿ "ಈ ಎರಡು ಟರ್ನೋವರ್ ಹೇಗಾಯಿತು?" ಎಂದು ಕೇಳಿದರು. ಅವಳು ಎದ್ದು ಅಂಕಣದ ಮಧ್ಯಕ್ಕೆ ಹೋಗಿ, ಇಲ್ಲಿಂದ ಪಾಸ್ ಕೊಟ್ಟೆ, ಅಲ್ಲಿಂದ ಬಂದು ಕಸಿದಳು ಎಂದು ನಡೆದು ತೋರಿಸಿದಳು. ಅಪ್ಪ ಹಿಂದೆ ಹಿಂದೆ ನಡೆದರು. ಮುಂದಿನ ಪಂದ್ಯಕ್ಕೆ ಅಂಗಡಿಯಿಂದ ಉದ್ದನೆಯ ಲೆಕ್ಕದ ಪುಸ್ತಕ ತರುತ್ತಾರಂತೆ, ರಿಬೌಂಡ್ ಬರೆಯುವ ಕೆಲಸ ತಮಗೇ ಬೇಕಂತೆ. ಅವರಿಗೆ ಹಾಳೆಯನ್ನು ಹೇಗೆ ಗೆರೆ ಎಳೆದು ಕೊಡಲಿ, ಕೋಲಾರದ ಸರ್?

ಟೇಬಲ್ ಹಿಂದಿನ ಕುರ್ಚಿ, ಕೋಲಾರ (ಭಾನುವಾರ, ರಾತ್ರಿ 9.15)

ಒಬ್ಬರಿಗೆ ಒಂದೇ ಕೆಲಸ ಕೊಡಿ. ಅವರು ರಿಬೌಂಡ್ ಮಾತ್ರ ಬರೆಯಲಿ. ಪ್ರತಿ ನಂಬರಿನ ಮುಂದೆ ಎರಡು ಮನೆ: ಎದುರಾಳಿಯ ಬುಟ್ಟಿಯ ಕೆಳಗೆ ಹಿಡಿದದ್ದು ಒಂದರಲ್ಲಿ, ನಮ್ಮ ಬುಟ್ಟಿಯ ಕೆಳಗೆ ಹಿಡಿದದ್ದು ಇನ್ನೊಂದರಲ್ಲಿ. ನಾಲ್ಕು ಗೀಟು ನಿಲ್ಲಿಸಿ ಐದನೆಯದನ್ನು ಅಡ್ಡ ಎಳೆಯುವುದು ಅವರಿಗೆ ಗೊತ್ತೇ ಇರುತ್ತದೆ. ಅಸಿಸ್ಟ್ ಬರೆಯಲು ಆಟ ಗೊತ್ತಿರುವವರೇ ಬೇಕು, ಅದನ್ನು ಮೊದಲ ದಿನವೇ ಪೋಷಕರಿಗೆ ಕೊಡಬೇಡಿ. ಯಾವ ಪಾಸ್ ನೇರವಾಗಿ ಬುಟ್ಟಿಗೆ ದಾರಿ ಮಾಡಿತು ಎಂಬುದಕ್ಕೆ ತೀರ್ಮಾನ ಬೇಕಾಗುತ್ತದೆ. ತಂದೆ ತಾಯಿ ಆ ಕುರ್ಚಿಯಲ್ಲಿ ಕುಳಿತರೆ ಕೈ ಮಗಳ ಕಡೆಗೆ ವಾಲುತ್ತದೆ. ಎರಡು ಪೆನ್ನು ಇಟ್ಟುಕೊಳ್ಳಲಿ, ಕೆಂಪು ಮತ್ತು ನೀಲಿ.

ಆರನೇ ನಂಬರ್ (ಭಾನುವಾರ, ರಾತ್ರಿ 9.50)

ಒಂಬತ್ತನೇ ನಂಬರಿನ ಹುಡುಗಿಗೆ ನನ್ನ ಪ್ರೀತಿ ತಿಳಿಸಿ, ಸರ್. ಮುಂದಿನ ಪಂದ್ಯ ಯಾವಾಗ? ತಿಪಟೂರಿನಿಂದ ಬೆಳಗಿನ ರೈಲಿಗೆ ಬರುತ್ತೇನೆ. ಸ್ಕ್ರೀನ್ ಎಣಿಸುವ ಹಾಳೆ ನನಗಿರಲಿ.